ಕಂಜಮಲೆಯ ಕಬ್ಬಿಣ ಮತ್ತು ಜೋಸಾಯ ಮಾರ್ಷಲ್ ಹೀತ್

ಸೇಲಂ ಪಟ್ಟಣದ ನೈಋತ್ಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಕಂಜಮಲೆ ನಿಂತಿದೆ. ಅಮಾವಾಸ್ಯೆಯ ದಿನಗಳಲ್ಲಿ ಅದರ ತಪ್ಪಲಿನ ಸಿದ್ಧರ ಗುಡಿಗೆ ಹೋಗಿಬರುವ ಭಕ್ತರಿಗೆ ಅದು ಪುಣ್ಯಕ್ಷೇತ್ರ. ಭೂವಿಜ್ಞಾನಿಗಳಿಗೆ ಅದು ಕಬ್ಬಿಣದ ಬೆಟ್ಟ. ಬೆಣಚುಕಲ್ಲಿನ ಪದರಗಳ ನಡುವೆ ಅಯಸ್ಕಾಂತದ ಗುಣವುಳ್ಳ ಕಪ್ಪು ಅದಿರು ಪಟ್ಟೆಪಟ್ಟೆಯಾಗಿ ಹಾಸಿಕೊಂಡಿರುವ ಇಂತಹ ಬೆಟ್ಟಗಳು ನಮ್ಮ ಸೀಮೆಯಲ್ಲಿ ಹಲವುಂಟು. ಗೋದುಮಲೆ, ಕೊಲ್ಲಿಮಲೆ, ಧರ್ಮಪುರಿ ಜಿಲ್ಲೆಯ ತೀರ್ಥಮಲೆ ಇವೆಲ್ಲ ಅದೇ ಕುಲಕ್ಕೆ ಸೇರಿದವು. ಈ ಬೆಟ್ಟಗಳ ಕಲ್ಲಿನಿಂದ ಎಷ್ಟು ಕಬ್ಬಿಣ ಬರಬೇಕು, ಎಷ್ಟು ಬರುತ್ತಿದೆ, ಮಿಕ್ಕಿದ್ದು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ತನ್ನ ಆಯುಷ್ಯವನ್ನೂ ಐಶ್ವರ್ಯವನ್ನೂ ಸವೆಸಿದ ಒಬ್ಬ ಆಂಗ್ಲೇಯನಿದ್ದನು. ಜೋಸಾಯ ಮಾರ್ಷಲ್ ಹೀತ್ ಎಂಬುದು ಆತನ ಹೆಸರು. ಲೋಹವಿಜ್ಞಾನದ ಇತಿಹಾಸ ಬರೆದವರೆಲ್ಲರೂ ಆತನನ್ನು ಬಲ್ಲರು. ಆತನು ಕೆಲಸ ಮಾಡಿದ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಮಾತ್ರ ಆತನ ಪರಿಚಯ ಕಡಿಮೆ.

ಕನ್ನಡ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಪರದೇಶದ ವ್ಯಾಪಾರಿಯೊಬ್ಬನ ಚರಿತ್ರೆಗೆ ಎಡೆಯೇಕೆ ಎಂದು ಯಾರಾದರೂ ಕೇಳಿದರೆ ಎರಡು ಕಾರಣಗಳನ್ನು ಹೇಳಬಹುದು. ನಮ್ಮ ಮಕ್ಕಳು ರಸಾಯನಶಾಸ್ತ್ರದ ಪಾಠದಲ್ಲಿ ಶೇಕಡಾ ಇಳುವರಿ ಎಂಬ ಲೆಕ್ಕವನ್ನು ಮಾಡುತ್ತಾರೆ. ಮಾಡಿ ಅಂಕ ಪಡೆದು ಮರೆಯುತ್ತಾರೆ. ಆ ಲೆಕ್ಕ ನಮ್ಮ ಮನೆಯ ಹಿತ್ತಲಿನಲ್ಲೇ ಇದ್ದ ಕುಲುಮೆಗಳಲ್ಲಿ ಎಂತಹ ಮಹತ್ತ್ವ ಪಡೆದಿತ್ತೆಂಬುದನ್ನು ಹೀತನ ಬದುಕು ತೋರಿಸುತ್ತದೆ. ಎರಡನೆಯ ಕಾರಣ ಭಾಷೆಗೆ ಸಂಬಂಧಿಸಿದ್ದು. ಹೀತನ ಜೀವನವನ್ನೆಲ್ಲ ಆವರಿಸಿದ ವಸ್ತುವಿಗೆ ಯೂರೋಪಿನವರು ಇಟ್ಟ ಹೆಸರು ವೂಟ್ಸ್. ಅದು ನಮ್ಮ ಉಕ್ಕು ಎಂಬ ಪದದ ಅಪಭ್ರಂಶವೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಲಂಡನ್ನಿಗೆ ಆ ಉಕ್ಕಿನ ಮಾದರಿಗಳನ್ನು ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ರಸಾಯನಜ್ಞನು ಅದನ್ನು ಪರೀಕ್ಷಿಸಿ ಪ್ರಬಂಧ ಬರೆದನು. ಅನಂತರ ಮೈಕೆಲ್ ಫ್ಯಾರಡೆಯಂಥ ಮಹನೀಯನೂ ಅದರ ಗುಟ್ಟನ್ನು ಹುಡುಕಲು ಹೊರಟನು. ಕನ್ನಡದ ಪದವೊಂದು, ರೂಪ ಕೆಟ್ಟಾದರೂ, ಜಗತ್ತಿನ ವಿಜ್ಞಾನದ ಪುಸ್ತಕಗಳನ್ನು ಹೊಕ್ಕ ಬಗೆ ಇದು.

ಹೀತ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇವೆಗೆ ಸೇರಿ ಬಂದವನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ ಮತ್ತು ಬಾರಾಮಹಲ್ ಪ್ರದೇಶಗಳು ಟಿಪ್ಪುವಿನ ಕೈಯಿಂದ ಕಂಪನಿಯ ಕೈಗೆ ಬಂದಿದ್ದವು. 1799ರ ಬಳಿಕ ಹೊಸೂರು ಕಡೆಯ ಮೇಲುಸೀಮೆಯೂ ಸೇರಿತು. ಇಂದು ಸೇಲಂ, ಧರ್ಮಪುರಿ, ನಾಮಕ್ಕಲ್, ಕೃಷ್ಣಗಿರಿ ಎಂದು ನಾಲ್ಕು ಜಿಲ್ಲೆಗಳಾಗಿರುವ ನಾಡು ಆಗ ಒಂದೇ ಸೇಲಂ ಜಿಲ್ಲೆಯಾಗಿತ್ತು. ಅಲ್ಲಿ ಕಂಪನಿಗೆ ಬೇಕಾದ ಬಟ್ಟೆಯನ್ನು ನೇಕಾರರಿಂದ ಕೊಳ್ಳುವ ವಾಣಿಜ್ಯ ರೆಸಿಡೆಂಟನ ಹುದ್ದೆ ಹೀತನದು. ಸೇಲಮಿನ ಮಗ್ಗಗಳ ಹಿಂದೆ ಕುಳಿತವರಲ್ಲಿ ಕನ್ನಡ ಮಾತನಾಡುವ ದೇವಾಂಗದವರೂ ಇದ್ದರೆಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಹತ್ತಿಗಳ ವ್ಯವಹಾರ ಆತನ ಉದ್ಯೋಗ. ಮೃಗಪಕ್ಷಿಗಳನ್ನು ಸಂಗ್ರಹಿಸುವುದು ಆತನ ಹವ್ಯಾಸ. ನಮ್ಮ ಹಳೆಯ ಕಟ್ಟಡಗಳ ಸಂದುಗಳಲ್ಲಿ ವಾಸಿಸುವ ಹಳದಿ ಹೊಟ್ಟೆಯ ದೊಡ್ಡ ಬಾವಲಿಗೆ 1831ರಲ್ಲಿ ಹಾರ್ಸ್‌ಫೀಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞನು ಸ್ಕೋಟೊಫಿಲಸ್ ಹೀತಿಐ ಎಂದು ಈತನ ಹೆಸರನ್ನೇ ಇಟ್ಟನು. ಕಾರ್ಖಾನೆ ಕಟ್ಟಿ ಕೈ ಸುಟ್ಟುಕೊಂಡವನ ಹೆಸರು ಈ ದೇಶದಲ್ಲಿ ಅಳಿಯದೆ ಉಳಿದಿರುವುದು ಬಾವಲಿಯೊಂದರಲ್ಲಿ ಎಂದರೆ ವಿಧಿಯ ವಿನೋದವೇ ಸರಿ.

ಆದರೆ ಆತನ ಮನಸ್ಸನ್ನು ಸೆಳೆದದ್ದು ಊರೂರಿನ ಕಬ್ಬಿಣದ ಕುಲುಮೆ. ಆ ಕಾಲದಲ್ಲಿ ನಮ್ಮ ಬೆಟ್ಟದ ತಪ್ಪಲುಗಳಲ್ಲಿ ಕಬ್ಬಿಣ ತೆಗೆಯುವ ಕುಟುಂಬಗಳು ಹಲವಾರಿದ್ದವು. ಈ ವಿದ್ಯೆ ಇಲ್ಲಿ ಎಷ್ಟು ಹಳೆಯದೆಂಬುದು ಹೀತನಿಗೂ ಗೊತ್ತಿರಲಿಲ್ಲ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ದೊರೆತ ಕಬ್ಬಿಣದ ನೆಲೆ ಕ್ರಿ.ಪೂ. 2172ರಷ್ಟು ಹಿಂದಿನದೆಂದು ತಮಿಳುನಾಡು ಸರ್ಕಾರ ಪ್ರಕಟಿಸಿದ್ದು 2022ರಲ್ಲಿ. ಮೈಸೂರು ಸೀಮೆಯಲ್ಲಿಯೂ ಇದೇ ಕಸುಬು ನಡೆಯುತ್ತಿತ್ತು. 1800ರಲ್ಲಿ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಸುತ್ತಮುತ್ತ ಕಂಡ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೀತ್ ಸೇಲಂ ಕಡೆಯ ಕುಲುಮೆಗಳ ಬಳಿ ನಿಂತು ನೋಡಿದನು, ತೂಗಿದನು, ಲೆಕ್ಕವಿಟ್ಟನು. ಮುಂದೆ ಇಂಗ್ಲೆಂಡಿನಲ್ಲಿದ್ದಾಗ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಪತ್ರರೂಪದಲ್ಲಿ ಬರೆದ ಪ್ರಬಂಧದಲ್ಲಿ ಅದನ್ನೆಲ್ಲ ತಿಳಿಸಿದನು.

ಆತನು ಕಂಡದ್ದು ಹೀಗೆ. ಬೆಟ್ಟದ ಅದಿರಿನಲ್ಲಿ 100ಕ್ಕೆ 48 ಭಾಗ ಬೆಣಚುಕಲ್ಲು, 52 ಭಾಗ ಕಬ್ಬಿಣದ ಆಕ್ಸೈಡು. ಅದನ್ನು ಕುಟ್ಟಿ ಪುಡಿಮಾಡಿ, ತೊಳೆದು ಅಥವಾ ಮೊರದಲ್ಲಿ ಕೇರಿ, ಹಗುರವಾದ ಬೆಣಚನ್ನು ಬೇರ್ಪಡಿಸುತ್ತಿದ್ದರು. ಕುಲುಮೆ ಮಣ್ಣಿನದು, ಆಳೆತ್ತರಕ್ಕಿಂತ ಹೆಚ್ಚಿಲ್ಲ, ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಮೇಕೆಯ ಚರ್ಮದ ಎರಡು ತಿದಿಗಳಿಂದ ಬಿಡುವಿಲ್ಲದೆ ಗಾಳಿ ಊದುವರು. ಮೇಲಿನಿಂದ ಇದ್ದಿಲು, ಅದಿರು, ಮತ್ತೆ ಇದ್ದಿಲು ಎಂದು ಸುರಿಯುತ್ತ ಹೋಗಿ, ಮೂರು ನಾಲ್ಕು ಗಂಟೆಗಳ ಬಳಿಕ ಕುಲುಮೆಯ ಮುಂಭಾಗವನ್ನು ಒಡೆದು ಕೆಂಪಗೆ ಕಾದ ಕಬ್ಬಿಣದ ಗಟ್ಟಿಯೊಂದನ್ನು ಹೊರಗೆಳೆಯುವರು. ಅದನ್ನು ಬಡಿದು ಕಿಟ್ಟವನ್ನು ಹಿಂಡಿದರೆ ಉಳಿದದ್ದೇ ಕಬ್ಬಿಣ. ಹಸನುಮಾಡಿದ ಅದಿರಿನ 100 ಭಾಗಕ್ಕೆ ಹೀಗೆ ದೊರೆಯುತ್ತಿದ್ದದ್ದು ಸುಮಾರು 15 ಭಾಗ ಮಾತ್ರ.

ಇಲ್ಲಿಯೇ ನಮ್ಮ ಲೆಕ್ಕ ಪ್ರಾರಂಭವಾಗುತ್ತದೆ. ಕಪ್ಪು ಅದಿರಿನ ಒಂದು ಅಣುವಿನಲ್ಲಿ ಕಬ್ಬಿಣದ ಪರಮಾಣು ಮೂರು, ಆಮ್ಲಜನಕದ ಪರಮಾಣು ನಾಲ್ಕು. ಕಬ್ಬಿಣದ ಪರಮಾಣು ಭಾರ 55.85, ಮೂರಕ್ಕೆ 167.5. ಆಮ್ಲಜನಕದ್ದು 16; ನಾಲ್ಕಕ್ಕೆ 64. ಒಟ್ಟು 231.5. ಎಂದರೆ 100 ಕಿಲೋ ಶುದ್ಧ ಅದಿರಿನಲ್ಲಿ 72.4 ಕಿಲೋ ಕಬ್ಬಿಣ ಅಡಗಿದೆ. ಇದು ಸೈದ್ಧಾಂತಿಕ ಇಳುವರಿ. ಇದಕ್ಕಿಂತ ಒಂದು ಗುಂಜಿ ಹೆಚ್ಚನ್ನೂ ಯಾವ ಮಂತ್ರವಾದಿಯೂ ತೆಗೆಯಲಾರನು. ಕೈಗೆ ಬಂದದ್ದು 15 ಕಿಲೋ. ಇದು ವಾಸ್ತವ ಇಳುವರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಇಳುವರಿ 21ಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಅದಿರನ್ನು ಎಷ್ಟು ತೊಳೆದರೂ ಬೆಣಚು ಪೂರ್ತಿ ಹೋಗುವುದಿಲ್ಲ. 100 ಕಿಲೋವಿನಲ್ಲಿ 10 ಕಿಲೋ ಬೆಣಚು ಉಳಿದಿದೆಯೆಂದು ಇಟ್ಟುಕೊಂಡರೆ ಸೈದ್ಧಾಂತಿಕ ಇಳುವರಿ 65.2 ಕಿಲೋಗೆ ಇಳಿದು, ಶೇಕಡಾ ಇಳುವರಿ 23 ಆಗುತ್ತದೆ. ಹೇಗೆ ನೋಡಿದರೂ ನಾಲ್ಕರಲ್ಲಿ ಮೂರು ಪಾಲು ಕಬ್ಬಿಣ ಕಾಣೆಯಾಗುತ್ತಿತ್ತು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಈ ಭಾಜಕದಲ್ಲಿ. 15ನ್ನು 100ರೊಡನೆ ಹೋಲಿಸಬಾರದು, 72ರೊಡನೆ ಹೋಲಿಸಬೇಕು. ಸೇಲಮಿನ ಸುಣ್ಣಗುಡ್ಡಗಳೆಂದು ಹೆಸರಾದ ಬಿಳಿಯ ಮ್ಯಾಗ್ನಸೈಟನ್ನು ಸುಟ್ಟಾಗ 84 ಕಿಲೋ ಕಲ್ಲಿಗೆ 40 ಕಿಲೋ ಮ್ಯಾಗ್ನೀಷಿಯ ಮಾತ್ರ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತೂಕ ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೆ ಹೋದರೂ ಅಲ್ಲಿ ಇಳುವರಿ ಶೇಕಡಾ 100. ಹೋಗಲೇಬೇಕಾದದ್ದು ಹೋದರೆ ಅದು ನಷ್ಟವಲ್ಲ. ಇರಬೇಕಾದದ್ದು ಹೋದರೆ ಮಾತ್ರ ನಷ್ಟ.

ಹಾಗಾದರೆ ಕಬ್ಬಿಣ ಹೋದದ್ದೆಲ್ಲಿಗೆ? ಕಿಟ್ಟದೊಳಕ್ಕೆ. ಬೆಣಚು ಎಂದರೆ ಸಿಲಿಕ. ಕುಲುಮೆಯ ಬಿಸಿಯಲ್ಲಿ ಅದು ಕರಗಿ ಹರಿದುಹೋಗಬೇಕಾದರೆ ಯಾವುದಾದರೊಂದು ಆಕ್ಸೈಡಿನ ಜೊತೆ ಬೇಕು. ನಮ್ಮ ಕಬ್ಬಿಣಗಾರರು ಸುಣ್ಣಕಲ್ಲು ಹಾಕುತ್ತಿರಲಿಲ್ಲ. ಆದ್ದರಿಂದ ಆ ಸಿಲಿಕ ಕಬ್ಬಿಣದ ಆಕ್ಸೈಡನ್ನೇ ಜೊತೆಗೂಡಿಸಿಕೊಂಡು ಫಯಲೈಟ್ ಎಂಬ ಕರಿಯ ಕಿಟ್ಟವಾಗಿ ಹೊರಬೀಳುತ್ತಿತ್ತು. ಅದರಲ್ಲಿ 60.1 ಭಾಗ ಸಿಲಿಕಕ್ಕೆ 111.7 ಭಾಗ ಕಬ್ಬಿಣ. ಅಂದರೆ ಒಂದು ಕಿಲೋ ಬೆಣಚು ತನ್ನೊಡನೆ 1.86 ಕಿಲೋ ಕಬ್ಬಿಣವನ್ನು ಎಳೆದುಕೊಂಡು ಹೋಗುತ್ತದೆ. ನಾವು ಊಹಿಸಿದ 10 ಕಿಲೋ ಬೆಣಚು 18.6 ಕಿಲೋ ಕಬ್ಬಿಣವನ್ನು ನುಂಗುತ್ತದೆ. ಕುಲುಮೆಯ ಗೋಡೆಯ ಮಣ್ಣು ಕರಗಿ ಬರುವ ಸಿಲಿಕ ಇನ್ನಷ್ಟನ್ನು ನುಂಗುತ್ತದೆ. ಇದ್ದಿಲಿನ ಅನಿಲ ತಾಗದೆ ಹಾಗೆಯೇ ಜಾರಿದ ಆಕ್ಸೈಡು ಒಂದಷ್ಟು. ಸುತ್ತಿಗೆಯ ಪೆಟ್ಟಿಗೆ ಹೊಪ್ಪಳೆಯಾಗಿ ಉದುರಿದ್ದು ಮತ್ತಷ್ಟು. ಕಾಣೆಯಾದ ಕಬ್ಬಿಣದ ಲೆಕ್ಕ ಹೀಗೆ ಮುಗಿಯುತ್ತದೆ. ಅದಿರನ್ನು ಅಷ್ಟು ಶ್ರಮಪಟ್ಟು ಕೇರುತ್ತಿದ್ದದ್ದು ಏಕೆಂಬುದೂ ಇದರಿಂದ ತಿಳಿಯುತ್ತದೆ. ಮೊರ ಹಿಡಿದು ಕುಳಿತ ಹೆಣ್ಣುಮಗಳಿಗೆ ಫಯಲೈಟ್ ಎಂಬ ಹೆಸರು ತಿಳಿಯದಿದ್ದರೂ ಬೆಣಚು ಬಿಟ್ಟಷ್ಟೂ ಕಬ್ಬಿಣ ಕೆಡುವುದೆಂಬುದು ತಿಳಿದಿತ್ತು.

ಇದನ್ನು ಹಿಂದುಳಿದ ವಿದ್ಯೆಯೆಂದು ಜರೆಯುವುದು ಸುಲಭ, ಹೀತನ ಕಾಲದ ಅನೇಕರು ಜರೆದರು ಕೂಡ. ಆದರೆ ಇಳುವರಿ ಕಡಿಮೆಯಾದರೂ ಆ ಕಬ್ಬಿಣ ಮೃದುವಾಗಿ, ನಿರ್ಮಲವಾಗಿ ಇರುತ್ತಿತ್ತು. ಬೆಟ್ಟದಲ್ಲಿ ಅದಿರಿಗೆ ಬರವಿಲ್ಲದಿರುವಾಗ ಇಳುವರಿಗಾಗಿ ಗುಣವನ್ನು ಬಿಡುವುದು ಜಾಣತನವಲ್ಲ.

ಆ ಗುಣವೇ ಉಕ್ಕಿಗೆ ಆಧಾರ. ಕಬ್ಬಿಣದ ತುಂಡುಗಳನ್ನು ಸಣ್ಣ ಮಣ್ಣಿನ ಮೂಸೆಯಲ್ಲಿ ಹಾಕಿ, ಅದರ ತೂಕದ ಹತ್ತನೆಯ ಒಂದು ಭಾಗ ಒಣಗಿದ ತಂಗಡಿ ಗಿಡದ ಕಡ್ಡಿಯನ್ನು ಸೇರಿಸಿ, ಮೇಲೆ ಎಕ್ಕದ ಎಲೆಯೊಂದೆರಡನ್ನು ಮುಚ್ಚಿ, ಬಾಯಿಯನ್ನು ಜೇಡಿಮಣ್ಣಿನಿಂದ ಮೆತ್ತುತ್ತಿದ್ದರು. ಇಂತಹ ಇಪ್ಪತ್ತಕ್ಕೂ ಮಿಕ್ಕ ಮೂಸೆಗಳನ್ನು ಕಮಾನಿನಂತೆ ಜೋಡಿಸಿ ಎರಡೂವರೆ ಗಂಟೆ ಊದಿದರೆ ಉಕ್ಕು ಸಿದ್ಧ. ಹೀತ್ ಇದನ್ನು ಕಂಡು ಬೆರಗಾದನು. ಏಕೆಂದರೆ ಶೆಫೀಲ್ಡಿನಲ್ಲಿ ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನಲ್ಲಿ ಹೂತು ಉಕ್ಕಾಗಿಸಲು ದಿನಗಟ್ಟಲೆ ಕಾಯಿಸಬೇಕಾಗಿತ್ತು. ಮಳೆಯಂಗಿಯ ಬಟ್ಟೆಯಿಂದ ಹೆಸರಾದ ಚಾರ್ಲ್ಸ್ ಮ್ಯಾಕಿಂತಾಷ್ 1825ರಲ್ಲಿ ಇಂಗಾಲಯುಕ್ತ ಅನಿಲವನ್ನು ಹಾಯಿಸಿ ಕಬ್ಬಿಣವನ್ನು ಬೇಗನೆ ಉಕ್ಕಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. ಮುಚ್ಚಿದ ಮೂಸೆಯಲ್ಲಿ ಹಸಿರೆಲೆ ಮತ್ತು ಕಡ್ಡಿಗಳಿಂದ ಹೊರಡುವುದೂ ಅಂತಹ ಅನಿಲವೇ. ಇಂಗ್ಲೆಂಡಿನವರು ನೆನ್ನೆ ಮೊನ್ನೆ ಕಂಡುಕೊಂಡ ತತ್ತ್ವ ಸೇಲಮಿನ ಕಮ್ಮಾರನ ಕೈಯಲ್ಲಿ ಎಷ್ಟೋ ಕಾಲದಿಂದ ಇದೆ ಎಂಬುದು ಹೀತನ ತರ್ಕ. ಈಜಿಪ್ಟಿನ ಶಿಲಾಸ್ತಂಭಗಳ ಮೇಲೆ ಚಿತ್ರಲಿಪಿಯನ್ನು ಕೆತ್ತಿದ ಉಳಿಗಳೂ ಭಾರತದ ಉಕ್ಕಿನವೇ ಎನ್ನುವ ತನಕ ಆತನ ಉತ್ಸಾಹ ಹೋಯಿತು. ಅದನ್ನು ನಾವು ಒಪ್ಪಬೇಕಾಗಿಲ್ಲ, ಆದರೆ ಆಳುವ ಜಾತಿಯವನೊಬ್ಬನಲ್ಲಿ ಆ ಕಾಲಕ್ಕೆ ಇಂತಹ ಗೌರವ ಅಪರೂಪ.

ಕಡ್ಡಿಯ ಪ್ರಮಾಣವನ್ನೂ ಸ್ವಲ್ಪ ಪರೀಕ್ಷಿಸೋಣ. ಒಂದು ಕಿಲೋ ಕಬ್ಬಿಣಕ್ಕೆ 100 ಗ್ರಾಂ ಕಡ್ಡಿ. ಒಣಸೌದೆ ಇದ್ದಿಲಾದಾಗ ಐದನೆಯ ಒಂದು ಭಾಗ ಉಳಿಯುತ್ತದೆಂದು ಹಿಡಿದರೆ 20 ಗ್ರಾಂ ಇಂಗಾಲ, ಎಂದರೆ ಶೇಕಡಾ 2. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ವೂಟ್ಸ್ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇಕಡಾ 1ರಿಂದ 2ರ ಒಳಗೆ ಇರುತ್ತದೆ. ತಕ್ಕಡಿ ಹಿಡಿದು ಸಮೀಕರಣ ಬರೆಯದ ಕೈ ಹಾಕಿದ ಅಳತೆ ಇದು.

ಹೀತ್ ಇಲ್ಲಿಗೇ ನಿಂತಿದ್ದರೆ ನೆಮ್ಮದಿಯಾಗಿ ಇರುತ್ತಿದ್ದನೇನೋ. 1820ರ ದಶಕದಲ್ಲಿ ಕಂಪನಿಯ ಸೇವೆಯನ್ನು ಬಿಟ್ಟು, ಯೂರೋಪಿನ ಪದ್ಧತಿಯಲ್ಲಿ ಕಬ್ಬಿಣ ತಯಾರಿಸುವ ವಿಶೇಷ ಹಕ್ಕನ್ನೂ ಸಾಲವನ್ನೂ ಸರ್ಕಾರದಿಂದ ಪಡೆದು, 1830ರಲ್ಲಿ ಕಡಲಕರೆಯ ಪೋರ್ಟೊ ನೋವೊ ಎಂಬಲ್ಲಿ, ಎಂದರೆ ಪರಂಗಿಪೇಟೆಯಲ್ಲಿ, ದೊಡ್ಡ ಊದುಕುಲುಮೆಯನ್ನು ಸ್ಥಾಪಿಸಿದನು. ಇಂಗ್ಲೆಂಡಿನಿಂದ ಯಂತ್ರಗಳು ಬಂದವು, ಕೆಲಸಗಾರರು ಬಂದರು. ಬೆಟ್ಟದ ಅದಿರು ಹರಿಗೋಲುಗಳಲ್ಲಿ ಕಾವೇರಿ ಕೊಳ್ಳಿಡಗಳ ಮೇಲೆ ತೇಲಿ, ಕಾಲುವೆ ದಾಟಿ ಪರಂಗಿಪೇಟೆ ಸೇರುತ್ತಿತ್ತು. ಹೊಗೇನಕಲ್ಲಿನಲ್ಲಿ ಹರಿಗೋಲು ಹತ್ತಿ ವಿನೋದವಾಗಿ ತಿರುಗುವ ನಮಗೆ, ಅದೇ ಬಿದಿರು ಚರ್ಮಗಳ ಬುಟ್ಟಿ ಒಂದು ಕಾಲದಲ್ಲಿ ಇಡೀ ಕಾರ್ಖಾನೆಯ ಹೊಟ್ಟೆ ತುಂಬಿಸುತ್ತಿತ್ತೆಂಬುದು ಸೋಜಿಗವೆನಿಸೀತು.

ಊದುಕುಲುಮೆಯಲ್ಲಿ ಇಳುವರಿ ಏರುತ್ತದೆ, ಅದರಲ್ಲಿ ಸಂದೇಹವಿಲ್ಲ. ಅಲ್ಲಿ ಸುಣ್ಣವನ್ನು ಬೆರೆಸುತ್ತಾರೆ. ಸಿಲಿಕ ಸುಣ್ಣದ ಕೈಹಿಡಿದು ಹೋಗುತ್ತದೆ. ಕಬ್ಬಿಣ ಬಹುಮಟ್ಟಿಗೆ ಪೂರ್ತಿಯಾಗಿ ಕರಗಿ ಕೆಳಗಿಳಿಯುತ್ತದೆ. ಆದರೆ ಇಳುವರಿಯ ಲೆಕ್ಕ ಅದಿರಿಗೆ ಮಾತ್ರ ಅಲ್ಲ, ಸೌದೆಗೂ ಉಂಟು. ಸಮೀಕರಣದ ಪ್ರಕಾರ 167.5 ಕಿಲೋ ಕಬ್ಬಿಣವನ್ನು ಬಿಡಿಸಲು ನಾಲ್ಕು ಭಾಗ ಇಂಗಾಲದ ಮಾನಾಕ್ಸೈಡು, ಎಂದರೆ 48 ಕಿಲೋ ಇಂಗಾಲ ಸಾಕು. ವಾಸ್ತವದಲ್ಲಿ ಕುಲುಮೆಯನ್ನು ಕಾಯಿಸಲು, ಕಿಟ್ಟವನ್ನು ಕರಗಿಸಲು, ಅದಕ್ಕಿಂತ ಎಷ್ಟೋ ಪಟ್ಟು ಇದ್ದಿಲು ಬೇಕು; ಆ ಇದ್ದಿಲಿಗೆ ಐದು ಪಟ್ಟು ಸೌದೆ ಬೇಕು. ಹಳ್ಳಿಯ ಕುಲುಮೆ ವರ್ಷದಲ್ಲಿ ಕೆಲವು ತಿಂಗಳು ಉರಿದು ಆರುತ್ತಿತ್ತು, ಕಾಡು ಚಿಗುರಲು ಬಿಡುವಿತ್ತು. ದೊಡ್ಡ ಕುಲುಮೆ ಆರುವಂತಿಲ್ಲ. ಸುತ್ತಣ ಸೌದೆ ಸವೆದಂತೆ ಇದ್ದಿಲನ್ನು ದೂರದೂರದಿಂದ ತರಬೇಕಾಯಿತು, ಖರ್ಚು ಬೆಳೆಯಿತು. ಊದುಕುಲುಮೆಯ ಕಬ್ಬಿಣದಲ್ಲಿ ಶೇಕಡಾ 3, 4ರಷ್ಟು ಇಂಗಾಲ ಸೇರಿ ಪೆಡಸಾಗಿರುವುದರಿಂದ ಅದನ್ನು ಮತ್ತೆ ಸಂಸ್ಕರಿಸಬೇಕು. ಅದಕ್ಕೂ ಉರುವಲು ಬೇಕು. ಇದ್ದಿಲಿನ ಹೊಗೆಯಿಂದಲೂ ಮದ್ಯಸಾರ ಮೊದಲಾದವನ್ನು ಹಿಡಿದು ಮಾರುವ ಉಪಾಯ 1923ರಲ್ಲಿ ಪ್ರಾರಂಭವಾದ ಭದ್ರಾವತಿಯ ಕಾರ್ಖಾನೆಗೆ ಇತ್ತು. ಹೀತನಿಗೆ ಅದಿರಲಿಲ್ಲ. ಕಾರ್ಖಾನೆ ಸಾಲದಲ್ಲಿ ಮುಳುಗಿತು, ಸಹಭಾಗಿಗಳು ಬಂದರು, ಕಂಪನಿಯ ಹೆಸರುಗಳು ಬದಲಾದವು. ಮಲಬಾರಿನ ಬೇಪೂರಿನಲ್ಲಿಯೂ, ಆತನ ಕಾಲವಾದ ಮೇಲೆ ಕಾವೇರಿ ತೀರದ ಪೂಲಾಂಪಟ್ಟಿಯಲ್ಲಿಯೂ, ತಿರುವಣ್ಣಾಮಲೆಯಲ್ಲಿಯೂ ಕುಲುಮೆಗಳೆದ್ದವು. 1870ರ ದಶಕ ಮುಗಿಯುವ ಮೊದಲೇ ಅವೆಲ್ಲವೂ ಆರಿದ್ದವು.

ಅಷ್ಟರಲ್ಲಿ ಹೀತ್ ಇಂಗ್ಲೆಂಡಿಗೆ ಮರಳಿ ಶೆಫೀಲ್ಡಿನಲ್ಲಿ ನೆಲೆಸಿದ್ದನು. ಅಲ್ಲಿಯ ಉಕ್ಕಿನ ಒಡೆಯರಿಗೆ ಒಂದು ದೊಡ್ಡ ಕೊರತೆಯಿತ್ತು. ಒಳ್ಳೆಯ ಉಕ್ಕಿಗೆ ಸ್ವೀಡನ್ನಿನ ದುಬಾರಿ ಕಬ್ಬಿಣವೇ ಬೇಕು. ತಮ್ಮ ದೇಶದ ಅಗ್ಗದ ಕಬ್ಬಿಣದಿಂದ ಮಾಡಿದ ಎರಕದ ಉಕ್ಕು ಬೆಸೆಯಲು ಹೋದರೆ ಬಿರಿಯುತ್ತಿತ್ತು. ನಮ್ಮ ನಾಡಿನಲ್ಲಿ ಮೂಸೆಯ ಮುಂದೆ ಕುಳಿತು ಕಲಿತಿದ್ದ ಹೀತ್, ಮೂಸೆಯಲ್ಲಿ ಕರಗುವ ಉಕ್ಕಿಗೆ ಶೇಕಡಾ 1ರಿಂದ 3ರಷ್ಟು ಮ್ಯಾಂಗನೀಸಿನ ಕಾರ್ಬೈಡನ್ನು ಸೇರಿಸಿದನು. ಮ್ಯಾಂಗನೀಸ್ ಉಕ್ಕಿನಲ್ಲಿ ಅಡಗಿದ ಆಮ್ಲಜನಕವನ್ನು ತಾನು ಹೀರುತ್ತದೆ, ಗಂಧಕವನ್ನೂ ತನ್ನತ್ತ ಸೆಳೆದು ನಿರುಪದ್ರವಿಯಾಗಿಸುತ್ತದೆ. ಅಗ್ಗದ ಕಬ್ಬಿಣದ ಉಕ್ಕು ಬೆಸೆಯಲು ಬಂದಿತು; ಚಾಕು ಕತ್ತರಿಗಳಿಗೆ ಹೊಂದಿಕೊಂಡಿತು; ಬೆಲೆ ಇಳಿಯಿತು. 1839ರಲ್ಲಿ ಹೀತ್ ಈ ವಿಧಾನಕ್ಕೆ 14 ವರ್ಷಗಳ ಪೇಟೆಂಟ್ ಪಡೆದನು. ಪರಂಗಿಪೇಟೆಯಲ್ಲಿ ಹೋದದ್ದೆಲ್ಲ ಇಲ್ಲಿ ಮರಳಿ ಬರುವ ಕಾಲ ಒದಗಿತೆಂದು ತೋರಿತು.

ಆದರೆ ಪೇಟೆಂಟಿನ ಬರಹದಲ್ಲಿ ಒಂದು ಸಣ್ಣ ಕಿಂಡಿ ಉಳಿದಿತ್ತು. ಅದು ಹೇಳಿದ್ದು ಮ್ಯಾಂಗನೀಸಿನ ಕಾರ್ಬೈಡನ್ನು ಸೇರಿಸಬೇಕೆಂದು. ಅದನ್ನು ಮುಂಚಿತವಾಗಿ ಬೇರೊಂದು ಮೂಸೆಯಲ್ಲಿ ತಯಾರಿಸುವುದು ಖರ್ಚಿನ ಕೆಲಸ. ಮ್ಯಾಂಗನೀಸಿನ ಕಪ್ಪು ಆಕ್ಸೈಡನ್ನೂ ಇದ್ದಿಲು ಅಥವಾ ಟಾರನ್ನೂ ನೇರವಾಗಿ ಉಕ್ಕಿನ ಮೂಸೆಗೆ ಹಾಕಿದರೂ ಅದೇ ಫಲ ಬರುತ್ತದೆಂಬುದು ಬೇಗನೆ ಕಂಡುಬಂದಿತು. ಶೆಫೀಲ್ಡಿನಲ್ಲಿ ಹೀತನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅನ್ವಿನ್ ಎಂಬಾತನು ಈ ಅಗ್ಗದ ದಾರಿಯನ್ನು ಹಿಡಿದು, ತಾನು ಕಾರ್ಬೈಡನ್ನೇ ಬಳಸುತ್ತಿಲ್ಲವಾದ್ದರಿಂದ ಹೀತನಿಗೆ ಕಾಸು ಕೊಡಬೇಕಾಗಿಲ್ಲವೆಂದು ನಿಂತನು. ಊರಿಗೆ ಊರೇ ಅವನನ್ನು ಹಿಂಬಾಲಿಸಿತು.

ಇಲ್ಲಿಯೂ ಇಳುವರಿಯ ಲೆಕ್ಕವೇ. 20 ಕಿಲೋ ಉಕ್ಕಿನ ಮೂಸೆಗೆ ಶೇಕಡಾ 1ರಂತೆ 200 ಗ್ರಾಂ ಮ್ಯಾಂಗನೀಸ್ ಬೇಕೆನ್ನೋಣ. ಕಪ್ಪು ಆಕ್ಸೈಡಿನ 86.9 ಭಾಗದಲ್ಲಿ ಮ್ಯಾಂಗನೀಸ್ 54.9 ಭಾಗ. ಕ್ರಿಯೆ ಪರಿಪೂರ್ಣವಾದರೆ 316 ಗ್ರಾಂ ಆಕ್ಸೈಡು ಸಾಕು. ಆದರೆ ಒಂದಷ್ಟು ಆಕ್ಸೈಡು ಅಪಕರ್ಷಣಗೊಳ್ಳದೆ ಮೂಸೆಯ ಮಣ್ಣಿನೊಡನೆ ಸೇರಿ ಕಿಟ್ಟವಾಗುತ್ತದೆ. ಇಳುವರಿ ಅರ್ಧಕ್ಕೆ ಇಳಿದರೆ 633 ಗ್ರಾಂ ಹಾಕಬೇಕು. ಹಾಕಿದರಾಯಿತು! ಆಕ್ಸೈಡು ಅಗ್ಗ, ಅರ್ಧ ಹಾಳಾದರೂ ಕಾರ್ಬೈಡಿಗಿಂತ ಲಾಭ. ಹೀಗೆ ಕಡಿಮೆ ಇಳುವರಿಯ ಕ್ರಿಯೆಯೇ ಹೆಚ್ಚು ಹಣ ಉಳಿಸಿತು. ಪಾಠಪುಸ್ತಕಗಳಲ್ಲಿ ಹೆಚ್ಚಿನ ಇಳುವರಿ ಯಾವಾಗಲೂ ಮೇಲು. ಕಾರ್ಖಾನೆಯಲ್ಲಿ ಹಾಗೆ ಹೇಳಲು ಬರುವುದಿಲ್ಲ.

ನ್ಯಾಯಾಲಯದ ಮುಂದೆ ನಿಂತ ಪ್ರಶ್ನೆ ಇದು: ಮೂಸೆಯೊಳಗೆ ನಿಜವಾಗಿ ಏನು ನಡೆಯುತ್ತದೆ? ಇಂಗಾಲವು ಮೊದಲು ಆಕ್ಸೈಡಿನ ಆಮ್ಲಜನಕವನ್ನು ಕಿತ್ತು, ಮ್ಯಾಂಗನೀಸಿನೊಡನೆ ಕೂಡಿ ಕಾರ್ಬೈಡಾಗಿ, ಆಮೇಲೆ ಉಕ್ಕಿನಲ್ಲಿ ಬೆರೆಯುತ್ತದೆ ಎಂದಾದರೆ ಅನ್ವಿನ್ ಬಳಸಿದ್ದೂ ಹೀತನ ವಸ್ತುವನ್ನೇ. ಅದನ್ನು ಹೊರಗೆ ಮಾಡದೆ ಒಳಗೆ ಮಾಡಿದನಷ್ಟೆ. ಆದರೆ ಬಿಳಿಗಾವಿನ ಮೂಸೆಯನ್ನು ನಡುವೆ ತೆರೆದು, ಎಷ್ಟು ಕಾರ್ಬೈಡು ಉಂಟಾಗಿದೆಯೆಂದು ತೂಗಿ ತೋರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ರಸಾಯನಜ್ಞರು ಸಾಕ್ಷಿಗಳಾಗಿ ನಿಂತರು. 1844ರಲ್ಲಿ ಎಕ್ಸ್‌ಚೆಕರ್ ನ್ಯಾಯಾಲಯವು ಹೀತನ ವಿರುದ್ಧ ತೀರ್ಪಿತ್ತಿತು. ಮೊಕದ್ದಮೆ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಸುತ್ತಿತು, ನ್ಯಾಯಾಧೀಶರಲ್ಲಿಯೇ ಒಮ್ಮತವಿರಲಿಲ್ಲ, ಒಂದು ಹಂತದಲ್ಲಿ ಜಯ ಹೀತನ ಪಕ್ಷಕ್ಕೂ ಬಂದಿತು. ಅದರ ಫಲ ಆತನಿಗೆ ದಕ್ಕಲಿಲ್ಲ. 1851ರಲ್ಲಿ ಹೀತ್ ಬಡತನದಲ್ಲಿ ತೀರಿಕೊಂಡನು.

ಆತನ ವಿಧವೆ ವ್ಯಾಜ್ಯವನ್ನು ಬಿಡಲಿಲ್ಲ. 1855ರಲ್ಲಿ ಲಾರ್ಡುಗಳ ಸಭೆ ಅಂತಿಮ ತೀರ್ಪನ್ನು ನೀಡಿತು. ಪೇಟೆಂಟು ಹೇಳುವುದು ಕಾರ್ಬೈಡನ್ನು. ಆಕ್ಸೈಡು ಮತ್ತು ಇಂಗಾಲ ಅದಕ್ಕೆ ಸಮಾನವೆಂಬುದು ಪೇಟೆಂಟ್ ಪಡೆದಾಗ ತಿಳಿದಿರಲಿಲ್ಲ. ಆದ್ದರಿಂದ ಅನ್ವಿನ್ ಹಕ್ಕನ್ನು ಅತಿಕ್ರಮಿಸಿಲ್ಲ ಎಂಬುದು ಅದರ ಸಾರ. ಕಾನೂನಿನ ಅಕ್ಷರಕ್ಕೆ ಅದು ಸರಿಯಿರಬಹುದು. ರಸಾಯನಶಾಸ್ತ್ರವನ್ನು ಬಲ್ಲವರಿಗೆ ಅದು ನ್ಯಾಯವೆಂದು ತೋರಲಾರದು. ಮರುವರ್ಷವೇ ಥಾಮಸ್ ವೆಬ್‌ಸ್ಟರ್ ಎಂಬ ವಕೀಲನು ಹೀತನ ಪ್ರಕರಣವನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದನು.

ಅದೇ 1856ರಲ್ಲಿ ಹೆನ್ರಿ ಬೆಸ್ಸೆಮರ್ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಉಕ್ಕು ಮಾಡುವ ತನ್ನ ವಿಧಾನವನ್ನು ಲೋಕಕ್ಕೆ ಸಾರಿದನು. ಆಮ್ಲಜನಕ ಹೆಚ್ಚಾಗಿ ಅವನ ಉಕ್ಕು ಬಿರಿಯತೊಡಗಿದಾಗ, ರಾಬರ್ಟ್ ಮಷೆಟ್ ಮ್ಯಾಂಗನೀಸ್ ಭರಿತ ಕಬ್ಬಿಣವನ್ನು ಬೆರೆಸಿ ಅದನ್ನು ಉಳಿಸಿದನು. ಮದ್ದು ಹೀತನದೇ. ಮಷೆಟನ ಪೇಟೆಂಟೂ ಸಕಾಲದಲ್ಲಿ ಮುದ್ರಾಶುಲ್ಕ ಕಟ್ಟದೆ 1859ರಲ್ಲಿ ಕೈತಪ್ಪಿತು; ಮುಂದೆ ಬೆಸ್ಸೆಮರ್ ಅವನಿಗೆ ವರ್ಷಕ್ಕೆ 300 ಪೌಂಡು ಕೊಡುವ ಏರ್ಪಾಡು ಮಾಡಿದನು. ಹೀತನ ಮನೆಯವರಿಗೆ ಕೊಡುವವರು ಯಾರೂ ಇರಲಿಲ್ಲ.

ಕಂಜಮಲೆಯ ತಪ್ಪಲಿನಲ್ಲಿ ಸೇಲಂ ಉಕ್ಕಿನ ಕಾರ್ಖಾನೆಗೆ 1970ರಲ್ಲಿ ಶಂಕುಸ್ಥಾಪನೆಯಾಯಿತು. ಬೆಟ್ಟದ ಅದಿರಿನಿಂದಲೇ ಉಕ್ಕಾಗುವುದೆಂಬ ಆಸೆ ಊರಿನವರಲ್ಲಿತ್ತು. ಆದರೆ 1981ರಲ್ಲಿ ಎದ್ದು ನಿಂತದ್ದು ಹೊರಗಿನಿಂದ ಬಂದ ಸ್ಟೇನ್‌ಲೆಸ್ ಉಕ್ಕನ್ನು ತೆಳ್ಳಗೆ ಎಳೆಯುವ ಗಿರಣಿ. 2010ರಲ್ಲಿ ಉಕ್ಕನ್ನು ಕರಗಿಸುವ ವಿಭಾಗವೂ ಸೇರಿತು. ಅಡಿಗೆ ಪಾತ್ರೆಗಳಿಗೆ ಬಳಸುವ 304 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮ್ಯಾಂಗನೀಸಿನ ಮಿತಿ ಶೇಕಡಾ 2. ಹೀತ್ 1839ರಲ್ಲಿ ಬರೆದುಕೊಟ್ಟ 1ರಿಂದ 3ರ ನಡುವೆಯೇ ಅದು ಬರುತ್ತದೆ. ಬೆಟ್ಟದ ಬುಡದ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ಹಳೆಯ ಕರಿಯ ಕಿಟ್ಟದ ತುಂಡುಗಳಲ್ಲಿ, ಅವು ಶುದ್ಧ ಫಯಲೈಟೇ ಆಗಿದ್ದ ಪಕ್ಷದಲ್ಲಿ, ಕಬ್ಬಿಣದ ಪಾಲು ಈಗಲೂ ಶೇಕಡಾ 54.8.